ಬೆಂಕಿಗೊಂದು ಬೀಗ, ಚಳಿಗೊಂದು ಬೀಗ

ಎಲಚಿ ಗಿಡದ ಒಂದು ಎಲೆ ಕಿತ್ತು ಅಂಗೈ ಮೇಲಿಟ್ಟು ನೋಡಿ. ಬೆಂಗಳೂರಿನ ಖಾಲಿ ಸೈಟಿನ ಬೇಲಿಯಲ್ಲಿ, ಕೆರೆ ಏರಿಯ ಮೇಲೆ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿರುವ ಮುಳ್ಳುಗಿಡ ಅದು. ಸಂಕ್ರಾಂತಿಯ ದಿನ ಮಕ್ಕಳ ತಲೆಗೆ ಎರೆಯುವುದು ಅದರ ಹಣ್ಣನ್ನೇ. ಎಲೆಯ ಮೇಲ್ಮೈ ಗಾಢ ಹಸಿರು, ಮಿರಿಮಿರಿ. ಮಗುಚಿದರೆ ಬಿಳಿಯ ನವಿರು. ತೊಟ್ಟು ಸೇರುವ ಜಾಗದಿಂದಲೇ ಮೂರು ನರಗಳು ಹೊರಟು ತುದಿಯ ಕಡೆಗೆ ಬಾಗಿರುತ್ತವೆ. ಈ ಎಲೆಯನ್ನು ಇನ್ನಷ್ಟು ಹಿಗ್ಗಿಸಿ, ಮೇಲೊಂದು ಕೋಟು ವಾರ್ನಿಷ್ ಬಳಿದು, ಮುಟ್ಟಿದ ಬೆರಳಿಗೆ ಅವರೆಕಾಯಿಯ ಸೊಗಡಿನ ಹಾಗೆ ಅಂಟಿಕೊಳ್ಳುವ ಗುಣ ಕೊಟ್ಟರೆ, ಹೆಚ್ಚುಕಡಿಮೆ ಸ್ನೋಬ್ರಷ್ ಎಂಬ ಪೊದೆಗಿಡದ ಎಲೆ ಸಿದ್ಧ.

ಎರಡೂ ಒಂದೇ ಕುಟುಂಬದವು. ಎಲಚಿಗೆ ನಮ್ಮ ಬಯಲುಸೀಮೆ. ಸ್ನೋಬ್ರಷ್ ಉತ್ತರ ಅಮೆರಿಕದ ಪಶ್ಚಿಮದ ಬೆಟ್ಟಸಾಲುಗಳದ್ದು: ಕ್ಯಾಸ್ಕೇಡ್, ಸಿಯೆರಾ ನೆವಾಡಾ, ರಾಕಿ. ಪಶ್ಚಿಮದ ಬೆಟ್ಟ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸಹ್ಯಾದ್ರಿ, ಜಡಿಮಳೆ, ಜಿಗಣೆ. ಅಲ್ಲಿಯ ಲೆಕ್ಕ ಪೂರ್ತಿ ತಿರುಗುಮುರುಗು. ನೀರಿನ ಬಹುಪಾಲು ಚಳಿಗಾಲದಲ್ಲಿ ಹಿಮವಾಗಿ ಬೀಳುತ್ತದೆ, ಬೇಸಿಗೆ ಒಣಕಲು. ಈ ಗಿಡದ ನಡವಳಿಕೆಯೆಲ್ಲ ಅರ್ಥವಾಗುವುದು ಈ ಒಂದು ವ್ಯತ್ಯಾಸದಿಂದ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಿಯನೋಥಸ್ ವೆಲ್ಯುಟಿನಸ್. ವೆಲ್ಯುಟಿನಸ್ ಎಂದರೆ ಮಖಮಲ್ಲಿನಂಥದು, ಎಲೆಯ ಹಿಂಬದಿಯ ನವಿರಿನಿಂದ ಬಂದದ್ದು. ಸಿಯನೋಥಸ್ ಮೂಲತಃ ಯಾವುದೋ ಮುಳ್ಳುಗಿಡಕ್ಕಿದ್ದ ಗ್ರೀಕ್ ಹೆಸರು. ಸ್ನೋಬ್ರಷ್‌ನಲ್ಲಿ ಹುಡುಕಿದರೂ ಒಂದು ಮುಳ್ಳು ಸಿಗುವುದಿಲ್ಲ. ಸಾಮಾನ್ಯವಾಗಿ ಆಳೆತ್ತರ, ಕೆಲವು ಕಡೆ ಅದಕ್ಕೂ ಮಿಗಿಲು. ಬೇಸಿಗೆಯ ಮೊದಲಲ್ಲಿ ಸಣ್ಣ ಬಿಳಿ ಹೂಗಳು ಗೊಂಚಲುಗೊಂಚಲಾಗಿ ಬಿಟ್ಟಾಗ ಪೊದೆಯ ಮೇಲೆ ಹಿಮ ಕೂತಂತೆ ಕಾಣುತ್ತದೆ. ಈ ಕುಲದ ಹೂಗಳನ್ನು ಒಂದು ಹಿಡಿ ಕಿತ್ತು, ನೀರು ಚಿಮುಕಿಸಿ ಅಂಗೈಯಲ್ಲಿ ಉಜ್ಜಿದರೆ ನೊರೆ ಬರುತ್ತದೆ. ಅಂಟುವಾಳದಲ್ಲಿ, ಸೀಗೆಯಲ್ಲಿ ನೊರೆ ಎಬ್ಬಿಸುವ ಸಪೋನಿನ್ ಇಲ್ಲಿಯೂ ಇದೆ. ಅಲ್ಲಿನ ಮೂಲನಿವಾಸಿಗಳು ಹೂವನ್ನು ಸಾಬೂನಿನಂತೆ ಬಳಸುತ್ತಿದ್ದರು, ಎಲೆಯನ್ನು ಒಣಗಿಸಿ ಸೇದುತ್ತಿದ್ದರು. ಹಾಗಾಗಿ ಇದಕ್ಕೆ ಟೊಬ್ಯಾಕೊ ಬ್ರಷ್ ಎಂಬ ಹೆಸರೂ ಉಂಟು, ಹೊಗೆಸೊಪ್ಪಿಗೂ ಇದಕ್ಕೂ ಯಾವ ನಂಟೂ ಇಲ್ಲದಿದ್ದರೂ.

ಎಲೆಯ ಮೇಲಿನ ಆ ಮಿರುಗು ಬರೀ ಅಂದಕ್ಕಲ್ಲ. ಅಂಟು ಮತ್ತು ಮೇಣದ ಪದರ ನೀರು ಆವಿಯಾಗುವುದನ್ನು ತಡೆಯುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲೂ, ಬೇರಿನ ಸುತ್ತ ಮಣ್ಣು ಹೆಪ್ಪುಗಟ್ಟಿದ ಚಳಿಗಾಲದಲ್ಲೂ ಎಲೆ ಉದುರಿಸದೆ ಇರಬೇಕಾದರೆ ಇಂಥ ಹೊದಿಕೆ ಬೇಕು. ನೀರಿನ ಕೊರತೆ ಹೆಚ್ಚಿದಾಗ ಎಲೆಯ ಅಂಚು ಒಳಕ್ಕೆ ಸುರುಳಿ ಸುತ್ತುತ್ತದೆ. ಬಿಸಿಲಿಗೆ ಕಾದಾಗ ದಾಲ್ಚಿನ್ನಿಯನ್ನು ಹೋಲುವ ಕಂಪು ಹೊಮ್ಮುತ್ತದೆ. ಅದು ಆವಿಯಾಗುವ ತೈಲಗಳ ವಾಸನೆ. ಅದೇ ತೈಲ ಬೆಂಕಿ ಬಿದ್ದಾಗ ಧಗ್ಗನೆ ಹೊತ್ತಿಕೊಳ್ಳುತ್ತದೆ. ಹಸಿ ಎಲೆಯೇ ಉರಿಯುವ ಗಿಡ ಇದು.

ಉರಿದು ಹೋದ ಮೇಲೆ? ಬುಡದ ಗಂಟು ಬದುಕಿದ್ದರೆ ಅಲ್ಲಿಂದಲೇ ಚಿಗುರುತ್ತದೆ. ಆದರೆ ನಿಜವಾದ ಸ್ವಾರಸ್ಯ ಬೀಜದಲ್ಲಿದೆ.

ಹಣ್ಣು ಮೂರು ಹೋಳಿನ ಪುಟ್ಟ ಕಾಯಿ, ಹೋಳಿಗೊಂದು ಬೀಜ. ಬಿಸಿಲಿಗೆ ಹರಡಿದ ಹರಳುಕಾಯಿ ಚಟಾರನೆ ಸಿಡಿಯುವುದನ್ನು ಕಂಡವರಿಗೆ ಇದರ ಕೆಲಸ ಹೊಸದಲ್ಲ: ಒಣಗಿದ ಕಾಯಿ ಬಿರಿದು ಬೀಜವನ್ನು ಎಸೆಯುತ್ತದೆ. ಬೀಜ ಸಂಗ್ರಹಿಸುವವರು ಕಾಯಿ ಕಂದು ಬಣ್ಣಕ್ಕೆ ತಿರುಗುವ ಮುಂಚೆಯೇ ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟುತ್ತಾರೆ. ಒಂದು ವಾರ ತಡವಾದರೆ ಸಿಗುವುದು ಬರಿಯ ಸಿಪ್ಪೆ.

ಸಾಸಿವೆ ಗಾತ್ರದ ಆ ಬೀಜ ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಮುಂದಿನ ವರ್ಷವೇ ಮೊಳೆಯುವ ಆತುರ ಅದಕ್ಕಿಲ್ಲ. ಸ್ನೋಬ್ರಷ್ ಪೊದೆ ಅಳಿದು ತಲೆಮಾರುಗಳೇ ಕಳೆದ ದಟ್ಟ ಕಾಡಿನಲ್ಲಿ ಬೆಂಕಿ ಬಿದ್ದ ಮರುವರ್ಷ ಸಸಿಗಳು ಸಾಲಾಗಿ ಎದ್ದು ಬಂದದ್ದನ್ನು ನೋಡಿ, ಬೀಜಗಳು ಮಣ್ಣಿನಲ್ಲಿ 200 ವರ್ಷಕ್ಕೂ ಹೆಚ್ಚು ಜೀವ ಹಿಡಿದಿರಬಲ್ಲವು ಎಂದು ಅರಣ್ಯ ವಿಜ್ಞಾನಿಗಳು ಅಂದಾಜಿಸಿದ್ದಾರೆ. ಈ ಗಿಡವನ್ನು ಸಸ್ಯಶಾಸ್ತ್ರಕ್ಕೆ ಪರಿಚಯಿಸಿದ ಸ್ಕಾಟ್ಲೆಂಡಿನ ಡೇವಿಡ್ ಡಗ್ಲಸ್ ಕೊಲಂಬಿಯಾ ನದಿಯ ಸೀಮೆಯಲ್ಲಿ ಅಲೆದಾಡುತ್ತಿದ್ದದ್ದು 1825ರಿಂದ 1827ರವರೆಗೆ. ಆಗ ಸಿಡಿದ ಬೀಜ ಇನ್ನೂ ಅಲ್ಲೇ ಕೂತಿರಲು ಸಾಧ್ಯ.

ಅದನ್ನು ಹಿಡಿದಿಟ್ಟಿರುವುದು ಎರಡು ಬೀಗ. ಮೊದಲನೆಯದು ಸಿಪ್ಪೆ. ನೀರು ಒಳಗೆ ನುಸುಳದಷ್ಟು ಗಟ್ಟಿ. ಕಾಯಿಗೆ ಅಂಟಿಕೊಂಡಿದ್ದ ಜಾಗದಲ್ಲಿ ಬೀಜಕ್ಕೊಂದು ಹೊಕ್ಕುಳಿದೆ. ಶಾಖ ತಗುಲಿದಾಗ ಅಲ್ಲಿ ಸಣ್ಣ ಸೀಳು ತೆರೆದುಕೊಂಡು ನೀರಿಗೆ ದಾರಿಯಾಗುತ್ತದೆ. ಎರಡನೆಯದು ಭ್ರೂಣದ ಒಳಗಿನದು. ನೀರು ಕುಡಿದ ಮೇಲೂ ಅದು ಎರಡು ಮೂರು ತಿಂಗಳ ಚಳಿಯನ್ನು ಕಾಣದೆ ಮೊಳೆಯುವುದಿಲ್ಲ. ಯಾಕೆ ಎರಡು? ಅಲ್ಲಿ ಕಾಳ್ಗಿಚ್ಚು ಏಳುವುದು ಬೇಸಿಗೆಯ ಕೊನೆಯಲ್ಲಿ. ಶಾಖದ ಬೀಗ ಒಂದೇ ಇದ್ದಿದ್ದರೆ ಬೀಜ ಮೊದಲ ಮಳೆಗೇ ಮೊಳೆತು, ಎರಡೆಲೆ ಬಿಡುವಷ್ಟರಲ್ಲಿ ಹಿಮಕ್ಕೆ ಸಿಕ್ಕಿ ಸಾಯುತ್ತಿತ್ತು. ಚಳಿಯ ಬೀಗವೂ ಇರುವುದರಿಂದ ಹಿಮ ಕರಗಿ ನೆಲ ತೇವವಾಗಿರುವ ವಸಂತದವರೆಗೆ ತಡೆದುಕೊಳ್ಳುತ್ತದೆ.

ಇದನ್ನು ಓದಿ ಕಾಡಿಗೆ ಬೆಂಕಿ ಒಳ್ಳೆಯದು ಎಂಬ ತೀರ್ಮಾನವನ್ನು ಯಾರೂ ಸಹ್ಯಾದ್ರಿಗೆ ಹೊತ್ತು ತರಬಾರದು. ನಮ್ಮ ನಿತ್ಯಹರಿದ್ವರ್ಣ ಕಾಡಿನ ಬಹಳಷ್ಟು ಮರಗಳ ಬೀಜ ತೇವದಲ್ಲೇ ಬಿದ್ದು, ಕೆಲವೇ ವಾರಗಳಲ್ಲಿ ಮೊಳೆಯಬೇಕಾದವು, ಒಣಗಿದರೆ ಸತ್ತವು. ಅಲ್ಲಿ ಬೆಂಕಿ ಬಿದ್ದರೆ ಲಾಭ ಲಂಟಾನದಂಥ ಬುಡದಿಂದ ಮತ್ತೆ ಚಿಗುರುವ ಕಳೆಗೆ.

ಸ್ನೋಬ್ರಷ್ ಬೀಜ ಮೊಳೆಸಲು ನರ್ಸರಿಯಲ್ಲಿ ಬೆಂಕಿ ಹಚ್ಚುವ ಅಗತ್ಯವಿಲ್ಲ, ಬಿಸಿನೀರು ಸಾಕು. ಬೇಕಾದದ್ದು 80ರಿಂದ 90 ಡಿಗ್ರಿ ಸೆಲ್ಸಿಯಸ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ. ಥರ್ಮಾಮೀಟರ್ ಇಲ್ಲದವರು ಕುದಿಯುವ ನೀರು ನಾಲ್ಕು ಲೋಟಕ್ಕೆ ನಲ್ಲಿ ನೀರು ಒಂದು ಲೋಟ ಬೆರೆಸಿದರೆ 80ರ ಆಸುಪಾಸಿಗೆ ಬರುತ್ತದೆ. ಒಂದು ಚಮಚ ಬೀಜಕ್ಕೆ ಅರ್ಧ ಲೀಟರಿಗಿಂತ ಕಡಿಮೆ ನೀರು ಬೇಡ. ಸಣ್ಣ ಲೋಟದ ನೀರು ಬೀಜಕ್ಕೆ ಶಾಖ ತಟ್ಟುವ ಮುಂಚೆಯೇ ಆರಿಹೋಗುತ್ತದೆ. ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೀಜ ಹಾಕಬೇಕು. ಒಲೆಯ ಮೇಲಿಟ್ಟೇ ಕುದಿಸಿದರೆ ಬೀಗದ ಜೊತೆಗೆ ಭ್ರೂಣವೂ ಬೆಂದುಹೋಗುತ್ತದೆ. ಮುಚ್ಚಳ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಉಬ್ಬಿದ ಬೀಜಗಳ ಬೀಗ ತೆರೆದಿದೆ ಎಂದರ್ಥ. ಉಬ್ಬದೆ ಕಲ್ಲಿನಂತಿರುವವನ್ನು ಆರಿಸಿ ಇನ್ನೊಂದು ಸಲ ಬಿಸಿನೀರಿಗೆ ಹಾಕಬೇಕು.

ನಮ್ಮ ಬಾಗೆ, ಕರಿಜಾಲಿ ಬೀಜಕ್ಕೂ ಇದೇ ಉಪಚಾರ. ವ್ಯತ್ಯಾಸವೆಂದರೆ ಅವಕ್ಕಿರುವುದು ಈ ಒಂದೇ ಬೀಗ, ಮರುದಿನವೇ ಬಿತ್ತಬಹುದು. ಕಕ್ಕೆಯ ಸಿಪ್ಪೆ ಇನ್ನೂ ಹಟಮಾರಿ. ಬಿಸಿನೀರಿಗೂ ಜಗ್ಗದಿದ್ದರೆ ಬೀಜದ ಒಂದು ಬದಿಯನ್ನು ಮರಳು ಕಾಗದಕ್ಕೆ ಉಜ್ಜಿ ನೆನೆಸಬೇಕು.

ಸ್ನೋಬ್ರಷ್‌ಗೆ ಇಷ್ಟಕ್ಕೇ ಮುಗಿಯಲಿಲ್ಲ. ಉಬ್ಬಿದ ಬೀಜವನ್ನು ಮೂರು ಪಾಲು ತೇವದ ಮರಳಿನಲ್ಲಿ ಬೆರೆಸಿ, ಚೀಲದಲ್ಲಿ ಕಟ್ಟಿ, 1ರಿಂದ 5 ಡಿಗ್ರಿಯಲ್ಲಿ 60ರಿಂದ 90 ದಿನ ಇಡಬೇಕು. ಮರಳನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಹನಿಯುವಷ್ಟು ನೀರಿದ್ದರೆ ಬೀಜ ಉಸಿರುಕಟ್ಟಿ ಕೊಳೆಯುತ್ತದೆ. ಫ್ರಿಜ್ಜಿನಲ್ಲಿ ಇಡುವವರು ಎಡವುವುದು ಜಾಗದ ಆಯ್ಕೆಯಲ್ಲಿ. ತರಕಾರಿ ಡಬ್ಬಿ ಇದಕ್ಕೆ ಸಾಕಷ್ಟು ತಣ್ಣಗಿರುವುದಿಲ್ಲ, ಫ್ರೀಜರ್‌ನಲ್ಲಿ ನೀರು ಕುಡಿದ ಬೀಜದೊಳಗೆ ಮಂಜುಗಡ್ಡೆ ಕಟ್ಟಿ ಜೀವಕೋಶ ಒಡೆಯುತ್ತದೆ. ಫ್ರೀಜರ್‌ಗೆ ಹತ್ತಿರದ ಒಳಗೋಡೆ ಸರಿಯಾದ ಜಾಗ. ವಾರಕ್ಕೊಮ್ಮೆ ಚೀಲ ತೆರೆದು ಬೂಷ್ಟು ಹಿಡಿದ ಬೀಜವನ್ನು ಎತ್ತಿ ಹಾಕಿ. ಬಿಳಿ ಬೇರಿನ ತುದಿ ಕಂಡ ದಿನವೇ ಹೊರತೆಗೆದು ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಬೇಕು. ಅರ್ಧಕ್ಕರ್ಧ ದಪ್ಪ ಮರಳಿರುವ ಮಣ್ಣು ಬೇಕು.

ಹಾಗಾದರೆ ಬೆಂಗಳೂರಿನಲ್ಲಿ ಬೆಳೆಯಬಹುದೇ? ಮೊಳಕೆ ಬರಿಸಬಹುದು, ಬೆಳೆಸುವುದು ವ್ಯರ್ಥ ಸಾಹಸ. ಇಲ್ಲಿ ಜನವರಿಯ ರಾತ್ರಿಯ ಸರಾಸರಿ 15–16 ಡಿಗ್ರಿ. ಈ ನಗರದಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆ ಬೀಜದ ಲೆಕ್ಕದಲ್ಲಿ ಬೆಂಗಳೂರಿಗೆ ಚಳಿಗಾಲವೆಂಬುದು ಬಂದೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಮಳೆ. ಬೆಚ್ಚಗಿನ ತಿಂಗಳುಗಳಲ್ಲಿ ಮಣ್ಣು ಒಣಗಿರಬೇಕೆಂದು ಬಯಸುವ ಬೇರಿಗೆ ನಮ್ಮಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೀರೋ ನೀರು. ಬೆಚ್ಚನೆಯ ಒದ್ದೆ ಮಣ್ಣಿನಲ್ಲಿ ಬೇರುಕೊಳೆ ರೋಗದ ಶಿಲೀಂಧ್ರಗಳಿಗೆ ಹಬ್ಬ. ಇನ್ನೊಂದು ಮಾತು: ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬೀಜ ತರಿಸುವುದು ಕಾನೂನಿಗೆ ವಿರುದ್ಧ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಲಂಟಾನವೂ ಒಂದು ಕಾಲದಲ್ಲಿ ಅಂದದ ಗಿಡವೆಂದೇ ಬಂದದ್ದು.

ಹವಾಮಾನ ಒಗ್ಗಿದರೂ ಮಣ್ಣು ಒಗ್ಗದು. ಸುಟ್ಟ ಕಾಡಿನಲ್ಲಿ ನೆಲದ ಮೇಲಿನ ತರಗೆಲೆಯಲ್ಲಿದ್ದ ಸಾರಜನಕದ ಬಹಳಷ್ಟು ಹೊಗೆಯಾಗಿ ಹೋಗಿರುತ್ತದೆ. ಅಂಥಲ್ಲಿ ಸ್ನೋಬ್ರಷ್ ಹುಲುಸಾಗಿ ಬೆಳೆಯುವುದು ಬೇರುಗಂಟಿನಲ್ಲಿರುವ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾದ ನೆರವಿನಿಂದ. ಗಾಳಿಯಲ್ಲಿರುವ ಸಾರಜನಕವನ್ನು ಅದು ಗಿಡ ಬಳಸಬಲ್ಲ ರೂಪಕ್ಕೆ ತರುತ್ತದೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ಅವರೆ, ತೊಗರಿ ಬೇರಿನಲ್ಲಿ ರೈಜೋಬಿಯಂ ಮಾಡುವ ಕೆಲಸವೇ, ಆದರೆ ಇದು ಬೇರೆ ಜಾತಿಯ ಜೀವಿ, ಎಳೆಎಳೆಯಾಗಿ ಬೆಳೆಯುವಂಥದ್ದು. ಎಲಚಿ ಒಂದೇ ಕುಟುಂಬದ್ದಾದರೂ ಅದಕ್ಕೆ ಈ ಭಾಗ್ಯವಿಲ್ಲ.

ಫ್ರಾಂಕಿಯಾ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಕಟ್ಟಡದ ಕೆಲಸಕ್ಕೆ ಸಾರುವೆ ಕಟ್ಟುವ ಸರ್ವೆ ಗಳ ಬರುವುದು ಸರ್ವೆ ಮರದಿಂದ, ಅಂದರೆ ಗಾಳಿಮರದಿಂದ. ಅದರ ಬೇರಿನಲ್ಲೂ ಫ್ರಾಂಕಿಯಾ ಇದೆ. ಎಳೆಯ ಸರ್ವೆ ತೋಪಿನಲ್ಲಿ ಮಾಲೀಕರನ್ನು ಕೇಳಿ, ಮರದ ಬುಡದಿಂದ ಒಂದಡಿ ಆಚೆ ಒಂದು ಗೇಣು ಆಳ ಮಣ್ಣನ್ನು ಕೈಯಿಂದ ಬಿಡಿಸಿದರೆ ಸಣ್ಣ ಬೇರುಗಳ ಮೇಲೆ ಗಂಟು ಸಿಗುವ ಸಂಭವವಿದೆ. ಅವರೆಯ ಗಂಟು ನಯವಾದ ಮಣಿಯಂತಿದ್ದು ಬೆಳೆಯೊಂದಿಗೆ ಮುಗಿಯುತ್ತದೆ. ಸರ್ವೆಯದು ಕವಲೊಡೆದ ಹವಳದಂತೆ, ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಗುತ್ತದೆ. ಸ್ನೋಬ್ರಷ್‌ನದೂ ಹವಳದ ಆಕಾರವೇ. ಆದರೆ ಎರಡು ಗಿಡಗಳ ಫ್ರಾಂಕಿಯಾ ಬೇರೆ ಬೇರೆ ಗುಂಪಿಗೆ ಸೇರಿದವು. ಸರ್ವೆ ತೋಪಿನ ಮಣ್ಣು ತಂದು ಸ್ನೋಬ್ರಷ್ ಕುಂಡಕ್ಕೆ ಹಾಕಿದರೆ ಗಂಟು ಕಟ್ಟುತ್ತದೆಂದು ನಂಬುವಂತಿಲ್ಲ.

ಎಷ್ಟು ಸಾರಜನಕ ಸೇರುತ್ತದೆ? ಅಳತೆಗಳು ಜಾಗದಿಂದ ಜಾಗಕ್ಕೆ ಬಹಳ ಏರುಪೇರು. ದಟ್ಟ ಪೊದೆಗಾಡಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 100 ಕೆಜಿಯವರೆಗೂ ಲೆಕ್ಕ ಸಿಕ್ಕಿದೆ. ರೈತರ ಮಾತಿನಲ್ಲಿ ಹೇಳುವುದಾದರೆ, ಯೂರಿಯಾದಲ್ಲಿ ಸಾರಜನಕ 46%, ಮೂಟೆಗೆ 45 ಕೆಜಿ. ಎಕರೆಗೆ ಸುಮಾರು ಎರಡು ಮೂಟೆ, ಯಾರೂ ಹೊತ್ತು ಹಾಕದೆ, ಬೆಟ್ಟದ ಮೇಲೆ.

ಇಷ್ಟಾದರೂ ಅಲ್ಲಿನ ಅರಣ್ಯ ಇಲಾಖೆಯವರು ದಶಕಗಳ ಕಾಲ ಇದನ್ನು ಕಳೆಯೆಂದೇ ಕಂಡರು. ಮರ ಕಡಿದು, ಉಳಿದ ಕಸ ಸುಟ್ಟು, ಡಗ್ಲಸ್ ಫರ್ ಮರದ ಸಸಿ ನೆಟ್ಟರೆ, ಅದೇ ಬೆಂಕಿಗೆ ಎಚ್ಚೆತ್ತ ಸ್ನೋಬ್ರಷ್ ಆ ಸಸಿಯನ್ನು ಮುಚ್ಚಿ ಬೆಳೆಯುತ್ತಿತ್ತು, ಬೇಸಿಗೆಯ ಅಲ್ಪ ತೇವವನ್ನೂ ಹೀರಿಕೊಳ್ಳುತ್ತಿತ್ತು. 2,4,5-ಟಿ ಎಂಬ ಕಳೆನಾಶಕವನ್ನು ಮೇಲಿನಿಂದ ಸಿಂಪಡಿಸಿದರು. ಅದರಲ್ಲಿ ಡಯಾಕ್ಸಿನ್ ಎಂಬ ವಿಷದ ಕಲಬೆರಕೆಯಿತ್ತು. 1979ರಲ್ಲಿ ಅಮೆರಿಕ ಸರ್ಕಾರ ಕಾಡಿನಲ್ಲಿ ಅದರ ಬಳಕೆಯನ್ನು ತುರ್ತಾಗಿ ನಿಲ್ಲಿಸಿತು. ಇಲಾಖೆಯವರ ದೂರು ಸುಳ್ಳಲ್ಲ, ಆದರೆ ಅವರು ನೋಡಿದ್ದು ಮೊದಲ ಕೆಲವು ವರ್ಷಗಳನ್ನು. ಕಾದ ಇಳಿಜಾರಿನಲ್ಲಿ ಅದೇ ಪೊದೆಯ ನೆರಳು ಎಳೆಯ ಸಸಿಯನ್ನು ಉಳಿಸುತ್ತದೆ, ಉದುರಿದ ಎಲೆ ಮಣ್ಣಿಗೆ ಸಾರಜನಕ ಕೊಡುತ್ತದೆ, ಚಳಿಗಾಲದಲ್ಲಿ ಬೇರೆ ಮೇವಿಲ್ಲದಾಗ ಜಿಂಕೆಗಳು ಅದರ ಹಸಿರನ್ನೇ ತಿನ್ನುತ್ತವೆ. ಮರಗಳು ತಲೆಯೆತ್ತಿ ಬಿಸಿಲು ಮರೆಯಾದ ಮೇಲೆ ನೆರಳು ತಾಳಲಾರದೆ ಪೊದೆ ತಾನೇ ಒಣಗುತ್ತದೆ.

ಹಾಗಾಗಿ ಮುಖ್ಯವಾದದ್ದು ನೆಡುವ ಹೊತ್ತು. ನೆಲ ಸುಟ್ಟ ನಂತರದ ಮೊದಲ ವಸಂತದಲ್ಲೇ, ಸ್ನೋಬ್ರಷ್ ಇನ್ನೂ ಎರಡೆಲೆಯಲ್ಲಿರುವಾಗ, ಗಟ್ಟಿ ಬೇರಿನ ದೊಡ್ಡ ಸಸಿ ನೆಟ್ಟರೆ ಸಸಿಗೆ ಮುನ್ನಡೆ ಸಿಗುತ್ತದೆ. ಎರಡು ಮೂರು ವರ್ಷ ತಡವಾದರೆ ಪ್ರತಿ ಸಸಿಯ ಸುತ್ತ ಪೊದೆ ಸವರಬೇಕು. ಬುಡಕ್ಕೆ ಕಡಿದರೆ ಮತ್ತೆ ಚಿಗುರುವುದರಿಂದ ಒಂದು ಸಲಕ್ಕೆ ಆ ಕೆಲಸ ಮುಗಿಯುವುದೂ ಇಲ್ಲ.