ಐ5 ಲ್ಯಾಪ್‌ಟಾಪ್ ಇದ್ದರೂ ವಿಡಿಯೋ ಯಾಕೆ ತಡೆದು ತಡೆದು ಬರುತ್ತದೆ?

ಮದುವೆ ಸೀಸನ್ ಮುಗಿಯುತ್ತಿದ್ದಂತೆ ವಿಜಯಪುರದ ನಮ್ಮ ರಿಪೇರಿ ಅಂಗಡಿಗೆ ಒಂದೇ ತರಹದ ದೂರು ಜಾಸ್ತಿ ಬರುತ್ತದೆ. "ಸರ್, ಮದುವಿ ವಿಡಿಯೋ ನಿಂತ ನಿಂತ ಬರಾಕತ್ತೈತ್ರಿ. ಹಾಡು ಮುಂದ ಹೋಗತೈತಿ, ಚಿತ್ರ ಹಿಂದ ಉಳಿತೈತಿ. ರ‍್ಯಾಮ್ ಎಷ್ಟ ಹಾಕಸಲಿ?" ರೋಗ ಯಾವುದು ಅಂತ ನೋಡುವ ಮೊದಲೇ ಔಷಧಿ ಅವರೇ ಬರೆದುಕೊಂಡು ಬಂದಿರುತ್ತಾರೆ. ಅದೇ ಫೈಲು ಅವರ ಸಾಧಾರಣ ಮೊಬೈಲ್‌ನಲ್ಲಿ ಎಲ್ಲೂ ನಿಲ್ಲದೆ ಓಡುತ್ತಿರುತ್ತದೆ. ಮೊಬೈಲ್‌ಗೆ ಆಗುವುದು ಲ್ಯಾಪ್‌ಟಾಪ್‌ಗೆ ಯಾಕೆ ಆಗಲ್ಲ?

ಉತ್ತರಕ್ಕೆ ಮೊದಲು ಒಂದು ಅನುಮಾನ ತೀರಿಸಿಕೊಳ್ಳಿ. ಪರದೆ ಮೇಲೆ ಚಕ್ರ ತಿರುಗುತ್ತಿದ್ದು, ಚಿತ್ರವೂ ಧ್ವನಿಯೂ ಒಟ್ಟಿಗೆ ನಿಂತರೆ ಅದು ನೆಟ್ ತೊಂದರೆ. ನನ್ನ ಹತ್ತಿರ ತರುವುದೇ ಬೇಡ. ಚಕ್ರ ಇಲ್ಲ, ಧ್ವನಿ ಸರಿಯಾಗಿದೆ, ಚಿತ್ರ ಮಾತ್ರ ಜಿಗಿಯುತ್ತಿದೆ ಎಂದರೆ ತೊಂದರೆ ಲ್ಯಾಪ್‌ಟಾಪ್ ಒಳಗೇ ಇದೆ.

ಒಂದು ಫುಲ್ ಎಚ್‌ಡಿ ಚಿತ್ರದಲ್ಲಿ 1920 ಗುಣಿಸು 1080, ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್ (ಬಣ್ಣದ ಚುಕ್ಕೆ) ಇರುತ್ತವೆ. 4ಕೆ ಆದರೆ ಸುಮಾರು 83 ಲಕ್ಷ. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ ತೋರಿಸಬೇಕಾದರೆ ಒಂದೊಂದು ಫ್ರೇಮ್‌ಗೆ ಸಿಗುವುದು 33 ಮಿಲಿಸೆಕೆಂಡ್. 60 ಫ್ರೇಮ್ ಆದರೆ 17 ಕೂಡ ಇಲ್ಲ. ಅಷ್ಟರೊಳಗೆ ಚಿತ್ರ ತಯಾರಾಗದಿದ್ದರೆ ಪ್ಲೇಯರ್ ಕಾಯುವುದಿಲ್ಲ, ಆ ಫ್ರೇಮ್ ಬಿಟ್ಟು ಮುಂದೆ ಹೋಗುತ್ತದೆ. ನಮಗೆ ಕಾಣುವ ಜಿಗಿತ ಅದೇ.

ತಯಾರಾಗುವುದು ಅಂದರೇನು? ವಿಡಿಯೋವನ್ನು ಇದ್ದ ಹಾಗೇ ಇಟ್ಟರೆ ಫೈಲು ವಿಪರೀತ ದೊಡ್ಡದಾಗುತ್ತದೆ. ಅದಕ್ಕೇ ಗಂಟು ಕಟ್ಟಿದ ಹಾಗೆ ಒತ್ತಿ ಇಟ್ಟಿರುತ್ತಾರೆ, ನೋಡುವಾಗ ಬಿಚ್ಚಬೇಕು. ಈ ಕಟ್ಟುವ, ಬಿಚ್ಚುವ ಪದ್ಧತಿಗೆ ಕೋಡೆಕ್ ಎನ್ನುತ್ತಾರೆ. 2003ರಲ್ಲಿ ಬಂದ ಎಚ್.264 ಹಳೆಯದು, ಎಲ್ಲೆಡೆ ನಡೆಯುತ್ತದೆ. 2013ರ ಎಚ್.265 ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅಷ್ಟೇ ಚೆನ್ನಾಗಿರುವ ಚಿತ್ರ ಕೊಡುತ್ತದೆ, ಆದರೆ ಬಿಚ್ಚುವ ಕೆಲಸ ಜಾಸ್ತಿ. ಈಗಿನ ಎಷ್ಟೋ ಮೊಬೈಲ್‌ಗಳು 4ಕೆ ವಿಡಿಯೋವನ್ನು ಇದರಲ್ಲೇ ಉಳಿಸುತ್ತವೆ. ಯೂಟ್ಯೂಬ್ ಹೆಚ್ಚಾಗಿ ಬಳಸುವುದು ವಿಪಿ9 ಮತ್ತು 2018ರ ಎವಿ1.

ಇಲ್ಲಿದೆ ಮುಖ್ಯ ವಿಷಯ. ಬಿಚ್ಚುವ ಕೆಲಸಕ್ಕೆಂದೇ ಗ್ರಾಫಿಕ್ಸ್ ಭಾಗದಲ್ಲಿ ಒಂದು ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಆ ಕೋಡೆಕ್ ಗೊತ್ತಿದ್ದರೆ ಲ್ಯಾಪ್‌ಟಾಪ್‌ನ ಮುಖ್ಯ ಚಿಪ್ ಆದ ಪ್ರೊಸೆಸರ್‌ಗೆ ಹೆಚ್ಚು ಕೆಲಸವೇ ಬೀಳುವುದಿಲ್ಲ. ಗೊತ್ತಿಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ತಲೆ ಮೇಲೆ. ಮೊಬೈಲ್ ಗೆಲ್ಲುವುದು ಈ ಸರ್ಕ್ಯೂಟ್‌ನಿಂದಲೇ.

ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಲ್ಲಿ (ಐ3, ಐ5 ಎಲ್ಲ ಇದರವೇ) 6ನೇ ಜನರೇಷನ್ ಎಂಬ ತಲೆಮಾರಿನಿಂದ, ಅಂದರೆ 2015ರಿಂದ, ಸಾಮಾನ್ಯ ಎಚ್.265 ಅನ್ನು ಸರ್ಕ್ಯೂಟ್ ಪೂರ್ತಿಯಾಗಿ ಬಿಚ್ಚುತ್ತದೆ. ಬಣ್ಣದ ಹಂತ ಹೆಚ್ಚಿರುವ 10 ಬಿಟ್ ಎಚ್.265 ಮತ್ತು ವಿಪಿ9 ಪೂರ್ತಿಯಾಗಿ ಬೇಕಾದರೆ 7ನೇ ಜನರೇಷನ್. ಎವಿ1 ಬೇಕಾದರೆ 2020ರಲ್ಲಿ ಬಂದ 11ನೇ ಜನರೇಷನ್. "ನಂದು ಐ5 ಐತ್ರಿ" ಎಂದು ಹೆಮ್ಮೆಯಿಂದ ಹೇಳುವವರಿಗೆ ನಾನು ಮುಂದಿನ ಅಂಕಿ ಕೇಳುವುದು ಅದಕ್ಕೇ. ಐ5-4300ಯು ಅಂದರೆ 4ನೇ ಜನರೇಷನ್. ಮೊಬೈಲ್‌ನ 4ಕೆ ಫೈಲಿನ ವಿಷಯದಲ್ಲಿ 8ನೇ ಜನರೇಷನ್‌ನ ಐ3-8130ಯು ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ನಿಮ್ಮಲ್ಲಿ ಏನಾಗುತ್ತಿದೆ ಅಂತ ನೋಡುವುದು ಕಷ್ಟವಲ್ಲ. ವಿಡಿಯೋ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ಗೆ ಹೋಗಿ ಜಿಪಿಯು (ಗ್ರಾಫಿಕ್ಸ್ ಭಾಗ) ಮೇಲೆ ಒತ್ತಿ. ಅಲ್ಲಿ 'ವಿಡಿಯೋ ಡಿಕೋಡ್' ಗೆರೆ ಸೊನ್ನೆಯಲ್ಲೇ ಮಲಗಿದ್ದು, ಸಿಪಿಯು (ಪ್ರೊಸೆಸರ್) ನೂರರ ಹತ್ತಿರ ಇದ್ದರೆ ಸರ್ಕ್ಯೂಟ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಫೈಲಿನ ಕೋಡೆಕ್ ಯಾವುದು ಎಂದು ವಿಡಿಯೋ ಪ್ಲೇಯರ್ ಆದ ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿದರೆ ತಿಳಿಯುತ್ತದೆ. ಯೂಟ್ಯೂಬ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿದರೆ ಕೋಡೆಕ್ ಜೊತೆಗೆ ಎಷ್ಟು ಫ್ರೇಮ್ ಬಿಟ್ಟುಹೋದವು ಎಂಬ ಲೆಕ್ಕವೂ ಕಾಣುತ್ತದೆ.

ಸರ್ಕ್ಯೂಟ್ ಇದ್ದೂ ಸುಮ್ನೆ ಕೂತಿರುವುದೂ ಉಂಟು. ಯಾರೋ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿರುತ್ತಾರೆ, ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್) ಹಾಕಿರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಇದೇ ಕಥೆ. ಪರದೆಯ ಬೆಳಕು ಹೆಚ್ಚುಕಡಿಮೆ ಮಾಡಲು ಬರದಿರುವುದೂ ಇದರದ್ದೇ ಗುರುತು. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟ್‌ನಿಂದ ಡ್ರೈವರ್ ಇಳಿಸಿ ಹಾಕಿ, ದುಡ್ಡು ಖರ್ಚಿಲ್ಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ ಗ್ರಾಫಿಕ್ಸ್ ಆಕ್ಸಿಲರೇಶನ್ ಆನ್ ಇದೆಯೇ ನೋಡಿ. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್/ಕೋಡೆಕ್ಸ್ ಒಳಗೆ ಹಾರ್ಡ್‌ವೇರ್ ಡಿಕೋಡಿಂಗ್ 'ಆಟೋಮ್ಯಾಟಿಕ್' ಇರಲಿ.

ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡೆಯತೊಡಗಿದರೆ ಕೋಡೆಕ್ ಬಿಡಿ, ಬಿಸಿ ನೋಡಿ. ನಮ್ಮ ಊರಿನ ಏಪ್ರಿಲ್, ಮೇ ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಕರಿಮಣ್ಣಿನ ಧೂಳು. ಇಂಡಿ ಕಡೆಯಿಂದ ಬಂದ ಒಂದು ಲ್ಯಾಪ್‌ಟಾಪ್ ಬಿಚ್ಚಿದಾಗ ಫ್ಯಾನ್ ಸ್ವಚ್ಛವಾಗೇ ಇತ್ತು. ಫ್ಯಾನ್ ಕಳಚಿ ನೋಡಿದರೆ, ಗಾಳಿ ಹೊರಹೋಗುವ ಜಾಲರಿಯ ಒಳಮೈಗೆ ನೂಲು, ಕೂದಲು, ಮಣ್ಣು ಸೇರಿ ಒಂದು ಪಟ್ಟಿಯೇ ಅಂಟಿತ್ತು. ಚಿಮಟದಿಂದ ಎಳೆದರೆ ಹರಿಯದೆ ಇಡಿಯಾಗಿ ಎದ್ದು ಬಂತು. ಹೊರಗಿನಿಂದ ಬ್ಲೋವರ್ ಹಿಡಿದರೆ ಇದು ಹೋಗುವುದಿಲ್ಲ, ಬಿಚ್ಚಲೇಬೇಕು. ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಬಿಚ್ಚಿದಾಗಲೇ ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನೂ ಬದಲಿಸಿಬಿಡಿ. ಹಾಸಿಗೆ ಮೇಲೆ ಇಟ್ಟು ನೋಡುವುದನ್ನು ಬಿಡಿ ಎಂದು ಹೇಳುತ್ತಲೇ ಇರುತ್ತೇನೆ, ಕೇಳುವವರು ಕಡಿಮೆ.

ಇನ್ನೊಂದು ಕಳ್ಳ ಕಾರಣ ಡುಪ್ಲಿಕೇಟ್ ಚಾರ್ಜರ್. ಕೆಲವು ಕಂಪನಿಗಳ ಲ್ಯಾಪ್‌ಟಾಪ್ ತನ್ನ ಚಾರ್ಜರ್ ಗುರುತು ಹಿಡಿಯುತ್ತದೆ. ಗುರುತು ಸಿಗದಿದ್ದರೆ ಪ್ರೊಸೆಸರ್ ವೇಗವನ್ನು ತೀರಾ ತಗ್ಗಿಸುತ್ತದೆ. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ ನೋಡಿ. ಆಗ ಚುರುಕಾದರೆ ಅನುಮಾನ ಚಾರ್ಜರ್ ಮೇಲೇ.

ರ‍್ಯಾಮ್ ಬೇಡವೇ ಬೇಡ ಅಂತಲ್ಲ. 4 ಜಿಬಿ ಇದ್ದು ಕ್ರೋಮ್‌ನಲ್ಲಿ ರಾಶಿ ಟ್ಯಾಬ್ ತೆರೆದಿಡುವವರಿಗೆ ಅದು ಬೇಕೇ ಬೇಕು. ಆದರೆ ಇಲ್ಲದ ಸರ್ಕ್ಯೂಟನ್ನು ರ‍್ಯಾಮ್ ತಂದುಕೊಡುವುದಿಲ್ಲ. ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಎಸ್‌ಎಸ್‌ಡಿಯೂ ಅಷ್ಟೇ. ಮೊಬೈಲ್‌ನ 4ಕೆ ವಿಡಿಯೋ ಸೆಕೆಂಡಿಗೆ ಹತ್ತು ಎಂಬಿ ಆಸುಪಾಸು ಓದಿದರೆ ಸಾಕು, ಆರೋಗ್ಯವಾಗಿರುವ ಹಳೆ ಹಾರ್ಡ್ ಡಿಸ್ಕ್ ಅದರ ಎಷ್ಟೋ ಪಟ್ಟು ಓದುತ್ತದೆ. ಪೆನ್‌ಡ್ರೈವ್‌ನಿಂದ ನೇರವಾಗಿ ನೋಡುತ್ತಿದ್ದರೆ ಮಾತ್ರ ಒಮ್ಮೆ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಂಡು ನೋಡಿ.

ಸರ್ಕ್ಯೂಟೇ ಇಲ್ಲದ ಹಳೆ ಲ್ಯಾಪ್‌ಟಾಪ್ ಆದರೆ ಫೈಲನ್ನೇ ಬದಲಿಸಬೇಕು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ 1080ಪಿ (ಫುಲ್ ಎಚ್‌ಡಿ), ಎಚ್.264 ಆರಿಸಿ ರಾತ್ರಿ ಬಿಟ್ಟು ಮಲಗಿ, ಮೂಲ ಫೈಲು ಅಳಿಸಬೇಡಿ. ಅದಕ್ಕಿಂತ ಸುಲಭ, ಸ್ಟುಡಿಯೋದವರಿಗೇ ಮೊದಲು ಹೇಳಿ ಎಚ್.264ರ ಒಂದು ಕಾಪಿ ಮಾಡಿಸಿಕೊಳ್ಳುವುದು. ಯೂಟ್ಯೂಬ್‌ಗೆ ಕ್ರೋಮ್‌ನಲ್ಲಿ 'ಎಚ್264ಇಫೈ' ತರಹದ ಎಕ್ಸ್‌ಟೆನ್ಶನ್ ಹಾಕಿದರೆ ಹಳೆ ಕೋಡೆಕ್‌ನಲ್ಲೇ ವಿಡಿಯೋ ಬರುತ್ತದೆ. ಹೇಗೂ ಅಂಥ ಎಷ್ಟೋ ಲ್ಯಾಪ್‌ಟಾಪ್‌ಗಳ ಪರದೆ 1366 ಗುಣಿಸು 768, ಅಂದರೆ ಹತ್ತೂವರೆ ಲಕ್ಷ ಪಿಕ್ಸೆಲ್. ಅದರಲ್ಲಿ 4ಕೆ ಹಾಕಿದರೂ ಕಣ್ಣಿಗೆ ಸಿಗುವುದು ಅದರ ಎಂಟನೇ ಒಂದು ಭಾಗವೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಬೆಲೆ ಚೌಕಾಸಿ ಮಾಡುವ ಮೊದಲು ನಿಮ್ಮ ಮೊಬೈಲ್‌ನಲ್ಲೇ ತೆಗೆದ 4ಕೆ ವಿಡಿಯೋ ಒಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಂಗಡಿಯಲ್ಲೇ ಕಾಪಿ ಮಾಡಿ, ಚಾರ್ಜರ್ ಹಾಕಿ ಹದಿನೈದು ನಿಮಿಷ ಓಡಿಸಿ. ಅಂಗಡಿಯವರು ಚಹಾ ತರಿಸಿದರೆ ಕುಡಿಯಿರಿ, ಆದರೆ ಟಾಸ್ಕ್ ಮ್ಯಾನೇಜರ್ ಮುಚ್ಚಬೇಡಿ.