ಗಂಟು ಎದೆಯಲ್ಲಿ, ಕಂಕುಳು ಯಾಕೆ ಕೊಯ್ಯೋದು?

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ (ಕೆಲಸದವರ ಸಾಲುಮನೆ) ಬಂದ ಹೆಂಗಸು. ಒಪ್ಪಿಗೆ ಪತ್ರ ಮುಂದಿಟ್ಟು ಸ್ತನ ಕ್ಯಾನ್ಸರ್ ಆಪರೇಷನ್ ಬಗ್ಗೆ ವಿವರಿಸುತ್ತಿದ್ದೆ. ಎದೆಯ ವಿಷಯಕ್ಕೆಲ್ಲ ಹೂಂ ಅಂದರು. ಕಂಕುಳು ಅಂದ ಕೂಡಲೇ ತಡೆದರು.

"ಗಂಟು ಇರೋದು ಎದೆಯಲ್ಲಿ. ಕಂಕುಳು ಯಾಕೆ ಕೊಯ್ಯೋದು ಡಾಕ್ಟ್ರೇ? ನಾನೂ ಕೊಯ್ಯೋಳೇ. ಕೈ ಎತ್ತೋಕಾಗದಿದ್ರೆ ಕಾಫಿ ಕೊಯ್ಯೋದು ಹೇಗೆ?"

ಜನವರಿ ತಿಂಗಳು, ರೋಬಸ್ಟಾ ಕಾಫಿ ಹಣ್ಣಾಗುವ ಹೊತ್ತು. ಸ್ತನ ಕ್ಯಾನ್ಸರ್ ಅಂದರೆ ಎಲ್ಲರ ಗಮನ ಎದೆಯ ಮೇಲೆಯೇ. ಆದರೆ ಆಪರೇಷನ್ ಆದ ಮೇಲೆ ಕೈ ಹೇಗಿರುತ್ತೆ ಅನ್ನೋದು ನಿಂತಿರುವುದು ಕಂಕುಳಲ್ಲಿ ನಾವು ಏನು ಮಾಡಿದೆವು ಅನ್ನೋದರ ಮೇಲೆ.

ಸ್ತನ ಎರಡನೇ ಪಕ್ಕೆಲುಬಿನಿಂದ ಆರನೆಯದರವರೆಗೆ, ಎದೆಯ ದೊಡ್ಡ ಸ್ನಾಯುವಿನ ಮೇಲೆ ಕೂತಿರುತ್ತದೆ. ಒಳಗೆ 15ರಿಂದ 20 ಹಾಲಿನ ಭಾಗಗಳು, ಅವುಗಳ ನಾಳಗಳು ತೊಟ್ಟಿನ ಕಡೆಗೆ ಬರುತ್ತವೆ. ಇದಕ್ಕೊಂದು ಬಾಲವೂ ಇದೆ. ಹೊರಮೂಲೆಯಿಂದ ಕಂಕುಳಿನೊಳಕ್ಕೆ ಚಾಚಿಕೊಂಡಿರುತ್ತೆ. ಹೆಚ್ಚಿನ ಗಂಟುಗಳು ಬರುವುದೂ ಆ ಮೇಲಿನ ಹೊರಮೂಲೆಯಲ್ಲೇ. ಸ್ನಾನದ ಹೊತ್ತಲ್ಲಿ ಕೈಯಾಡಿಸುವಾಗ ಕಂಕುಳನ್ನು ಬಿಟ್ಟುಬಿಡುವವರೇ ಜಾಸ್ತಿ.

ಚರ್ಮಕ್ಕೂ ಒಳಗಿನ ಪದರಕ್ಕೂ ನಡುವೆ ಸಣ್ಣ ಹಗ್ಗದಂಥ ಎಳೆಗಳಿವೆ. ಗಂಟು ಅವನ್ನು ಎಳೆದರೆ ಚರ್ಮದಲ್ಲಿ ಗುಳಿ ಬೀಳುತ್ತೆ. ಚರ್ಮದಡಿಯ ಲಿಂಫ್ (ಮೈಯೊಳಗೆ ಬಸಿಯುವ ತಿಳಿನೀರು) ಹರಿಯುವ ದಾರಿ ಕಟ್ಟಿಕೊಂಡರೆ ಚರ್ಮ ಊದಿ, ರೋಮದ ಬುಡಗಳು ಮಾತ್ರ ಒಳಗೇ ಉಳಿದು, ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತೆ. ಕೊಡಗಿನವರಿಗೆ ಕಿತ್ತಳೆ ಸಿಪ್ಪೆಯನ್ನು ನಾನು ವಿವರಿಸಬೇಕಾಗಿಲ್ಲ, ಅಲ್ವಾ? ಎದೆ ಮೇಲೆ ಅಂಥದ್ದು ಕಂಡರೆ ಅದೇ ವಾರ ಬನ್ನಿ.

ಇನ್ನು ಕಂಕುಳು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ತೋಟದ ಇಳಿಜಾರಲ್ಲಿ ತೊಟ್ಟಿಲು ಗುಂಡಿ ತೆಗೆಯುತ್ತೀರಲ್ಲ, ಮಳೆ ನೀರಿನ ಜೊತೆ ಕೊಚ್ಚಿ ಬರುವ ಮಣ್ಣು ಅಲ್ಲಿ ನಿಲ್ಲಲಿ ಅಂತ. ಎದೆಯಿಂದ ಬಸಿದು ಬರುವ ಲಿಂಫ್ ನೀರಿಗೂ ಅಂಥ ಗುಂಡಿಗಳಿವೆ. ಅವೇ ಲಿಂಫ್ ನೋಡ್‌ಗಳು. ಈ ನೀರಿನ ಮುಕ್ಕಾಲು ಪಾಲು ಇಳಿಯುವುದು ಕಂಕುಳಿಗೆ. ಕ್ಯಾನ್ಸರ್ ಕಣ ಗಂಟಿನಿಂದ ಹೊರಟರೆ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದು ಇಲ್ಲೇ.

ಹಿಂದೆ ಎಲ್ಲ ಗುಂಡಿಗಳನ್ನೂ ಕಿತ್ತುಹಾಕುತ್ತಿದ್ದರು. ಅಮೆರಿಕದ ಸರ್ಜನ್ ಹಾಲ್ಸ್ಟೆಡ್ 19ನೇ ಶತಮಾನದ ಕೊನೆಗೆ ಶುರುಮಾಡಿದ ಆಪರೇಷನ್‌ನಲ್ಲಿ ಸ್ತನ, ಕಂಕುಳ ನೋಡ್, ಎದೆಯ ಸ್ನಾಯು ಎಲ್ಲವೂ ಹೋಗುತ್ತಿತ್ತು. 1948ರಲ್ಲಿ ಇಂಗ್ಲೆಂಡಿನ ಪೇಟಿ ದೊಡ್ಡ ಸ್ನಾಯುವನ್ನು ಉಳಿಸುವ ದಾರಿ ತೋರಿಸಿದರು. ಗಂಟನ್ನು ಸುತ್ತಲಿನ ಒಳ್ಳೆ ಭಾಗದ ಜೊತೆ ತೆಗೆದು ರೇಡಿಯೇಶನ್ ಕೊಟ್ಟರೆ, ಸ್ತನ ಪೂರ್ತಿ ತೆಗೆದಷ್ಟೇ ಕಾಲ ರೋಗಿ ಬದುಕುತ್ತಾರೆ ಎಂದು ಇಟಲಿಯ ವೆರೊನೇಸಿ, ಅಮೆರಿಕದ ಫಿಶರ್ ತಂಡಗಳು 20 ವರ್ಷದ ಲೆಕ್ಕ ಸಮೇತ 2002ರಲ್ಲಿ ತೋರಿಸಿದವು. ಆದರೂ ನಮ್ಮಲ್ಲಿ ಎಷ್ಟೋ ಮಂದಿ "ಪೂರ್ತಿ ತೆಗೆದುಬಿಡಿ" ಅನ್ನುತ್ತಾರೆ. ಹೆದರಿಕೆ ಒಂದು ಕಾರಣ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಲ್ಲಿ ವಾರಗಟ್ಟಲೆ ರೂಮ್ ಮಾಡಿಕೊಂಡು ರೇಡಿಯೇಶನ್ ತೆಗೆದುಕೊಳ್ಳುವ ಕಷ್ಟ ಇನ್ನೊಂದು. ಈ ಎರಡನೇ ಕಾರಣವನ್ನು ನಾನು ತಪ್ಪು ಅನ್ನಲಾರೆ.

ಈಗ ಕಂಕುಳಲ್ಲಿ ಗಂಟು ಕೈಗೂ ಸ್ಕ್ಯಾನಿಗೂ ಸಿಗದಿದ್ದರೆ ಮೊದಲ ಗುಂಡಿಯನ್ನು ಮಾತ್ರ ಹುಡುಕುತ್ತೇವೆ. ತೊಟ್ಟಿನ ಸುತ್ತ ನೀಲಿ ಬಣ್ಣ ಚುಚ್ಚಿ ಐದಾರು ನಿಮಿಷ ಎದೆಯನ್ನು ಮೆಲ್ಲಗೆ ನೀವುತ್ತೇವೆ. ಕಂಕುಳಲ್ಲಿ ಸಣ್ಣ ಗಾಯ ಮಾಡಿ ನೋಡಿದರೆ, ಹಳದಿ ಕೊಬ್ಬಿನ ನಡುವೆ ನೀಲಿ ದಾರದಂಥ ನಾಳ, ಅದರ ತುದಿಗೆ ನೀಲಿ ಬಟಾಣಿಯಂಥ ನೋಡ್. ಅಂಥ ಒಂದೆರಡನ್ನು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದದ್ದನ್ನು ಮುಟ್ಟುವುದಿಲ್ಲ. ಮೂತ್ರ ಒಂದೆರಡು ದಿನ ನೀಲಿ ಹಸಿರಾಗಬಹುದು, ಗಾಬರಿ ಬೇಡ.

ಈ ಹೆಂಗಸಿಗೆ ಅಷ್ಟರಲ್ಲಿ ಮುಗಿಯುವಂತಿರಲಿಲ್ಲ. ಕಂಕುಳ ನೋಡ್‌ಗೆ ಸೂಜಿ ಹಾಕಿದಾಗಲೇ ಕ್ಯಾನ್ಸರ್ ಸಿಕ್ಕಿತ್ತು. (ಸೂಜಿ ಚುಚ್ಚಿದರೆ ಹರಡುತ್ತೆ ಅನ್ನೋದು ಸುಮ್ನೆ ಹೆದರಿಕೆ.) ಹಾಗಾಗಿ ಕೊಬ್ಬಿನ ಸಮೇತ ನೋಡ್‌ಗಳನ್ನು ಬಿಡಿಸಬೇಕಿತ್ತು. ಅಲ್ಲಿ ನಿಧಾನ ಬೇಕು. ಪಕ್ಕೆಯ ಗೋಡೆಗೆ ಅಂಟಿಕೊಂಡು ಇಳಿಯುವ ಉದ್ದನೆಯ ನರ ಕತ್ತರಿಸಿದರೆ ಭುಜದ ಹಿಂದಿನ ಎಲುಬು ರೆಕ್ಕೆಯ ಹಾಗೆ ಎದ್ದು ನಿಲ್ಲುತ್ತೆ, ಕೈ ಮೇಲಕ್ಕೆತ್ತುವುದು ಕಷ್ಟವಾಗುತ್ತೆ. ಕಾಫಿ ಕೊಯ್ಯುವವರಿಗೆ ಅದು ಹೊಟ್ಟೆಪಾಡಿನ ನರ. ಬೆನ್ನಿನ ಸ್ನಾಯುವಿಗೆ ಹೋಗುವ ಇನ್ನೊಂದನ್ನೂ ಉಳಿಸುತ್ತೇವೆ. ಮೂರನೆಯದು ಅಡ್ಡ ಹಾಯುವ ಸಣ್ಣ ನರ, ತೋಳಿನ ಒಳಬದಿಗೆ ಸ್ಪರ್ಶ ಕೊಡುವಂಥದ್ದು. ಎಷ್ಟೋ ಸಲ ಉಳಿಯುವುದಿಲ್ಲ. ವೃತ್ತಿಯ ಆರಂಭದಲ್ಲಿ ಒಬ್ಬರಿಗೆ ಇದನ್ನು ಮೊದಲೇ ಹೇಳಲು ಮರೆತಿದ್ದೆ. ತೋಳು ಜೋಮು ಹಿಡಿದಿದ್ದಕ್ಕೆ ಲಕ್ವ ಹೊಡೆಯಿತು ಅಂದುಕೊಂಡು ಹತ್ತು ದಿನ ನಿದ್ದೆಗೆಟ್ಟಿದ್ದರು.

ಗುಂಡಿಗಳನ್ನು ತೆಗೆದ ಮೇಲೆ ನೀರು ನಿಲ್ಲಬಹುದು, ಕೈ ಊದಬಹುದು. ಊತ ತಿಂಗಳುಗಳ ನಂತರವೂ ಬರಬಹುದು. ಜಿಗಣೆ ಕಚ್ಚಿದ್ದು, ಕತ್ತಿ ತಾಗಿದ್ದು ಆ ಕೈಯಲ್ಲಿ ಬೇಗ ಕೀವಾಗಬಹುದು. ತೋಟದಲ್ಲಿ ಗ್ಲೌಸ್, ತುಂಬು ತೋಳಿನ ಅಂಗಿ ಇರಲಿ. ಆದರೆ ಬಿಗಿ ತೋಳಿನ ಕುಪ್ಪಸ ಬೇಡ. ಕೊಡವ ಶೈಲಿಯಲ್ಲಿ ಸೀರೆ ಉಡುವವರು ಸೆರಗು ಕಟ್ಟುವುದು ಬಲಭುಜದ ಮೇಲೆ. ಆಪರೇಷನ್ ಬಲಗಡೆ ಆಗಿದ್ದರೆ ಗಾಯ ಮಾಗುವವರೆಗೆ ಅದನ್ನು ಸಡಿಲ ಬಿಡಿ.

ಈ ಹೆಂಗಸು ಡ್ರೈನ್ ಬಾಟಲಿ (ಗಾಯದೊಳಗಿನ ನೀರು ಬಸಿದು ಸೇರುವಂಥದ್ದು) ಹಿಡಿದೇ ಮನೆಗೆ ಹೋದರು. ದಿನದ ಲೆಕ್ಕವನ್ನು ಮೊಮ್ಮಗ ಕ್ಯಾಲೆಂಡರಿನ ಮೇಲೆ ಬರೆದಿದ್ದ: 110, 80, 60. ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ತೆಗೆದೆ. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಿದ್ದೆ. ಬೆರಳು ಮುಟ್ಟಿದಲ್ಲಿ ಇದ್ದಿಲಿನಲ್ಲಿ ಗೆರೆ ಎಳೆಯಲು ಹೇಳಿದ್ದೆ. ಆರು ವಾರದ ಮೇಲೆ ಬಂದಾಗ ಗೆರೆ ಬಾಗಿಲ ಚೌಕಟ್ಟನ್ನು ದಾಟಿದೆ ಅಂದರು. ಕೈ ಎತ್ತಿ ತೋರಿಸಿದರು, ಕಿವಿ ದಾಟಿತ್ತು.

"ತೋಟದ ಲೆಕ್ಕ ಬರೆಯೋ ರೈಟರಿಗೆ ಒಂದು ಚೀಟಿ ಬರ್ಕೊಡಿ ಡಾಕ್ಟ್ರೇ, ಇಲ್ಲಾಂದ್ರೆ ನಂಬಲ್ಲ."

ಈ ಕೊಯ್ಲಿಗೆ ಮೂಟೆ ಹೊರಿಸಬೇಡಿ, ಗಿಡದ ಕೆಳಗಿನ ರೆಕ್ಕೆ (ಕೊಂಬೆ) ಮಾತ್ರ ಕೊಯ್ಯಲು ಕೊಡಿ ಅಂತ ಬರೆದುಕೊಟ್ಟೆ.