ಹೇಳದೆ ಎದ್ದುಹೋದ ಗಿರಾಕಿ

ಕಲಬುರಗಿ ಬಸ್‌ ನಿಲ್ದಾಣದ ಹತ್ತಿರದ ಖಾನಾವಳಿಯೊಂದರಲ್ಲಿ ಕಂಡದ್ದು. ಒಬ್ಬಾತ ನಾಲ್ಕು ಬಿಸಿ ರೊಟ್ಟಿ ಹೇಳಿದ. ಅಷ್ಟರಲ್ಲಿ ಸೇಡಂ ಬಸ್ಸು ಬಂತು, ಎದ್ದು ಓಡಿದ. ಒಳಗೆ ಒಲೆ ಮುಂದಿದ್ದ ಅಕ್ಕನಿಗೆ ಅದೇನು ಗೊತ್ತು? ತಟ್ಟುತ್ತಲೇ ಇದ್ದಳು. ಇರುವುದು ಎರಡೇ ಹಂಚು. ಹೊರಗೆ ಹಸಿದವರ ಸಾಲು.

ಕಂಪ್ಯೂಟರ್ ಸರ್ವರ್‌ಗಳಲ್ಲಿ ಇದು ದಿನನಿತ್ಯದ ಪಾಡು. ಕೇಳಿದವನು ಹೊರಟುಹೋದ ಮೇಲೂ ಅವನಿಗಾಗಿ ದುಡಿಯುವ, ಇಲ್ಲವೇ ಕಾಯುತ್ತ ಕೂರುವ ಥ್ರೆಡ್ (ಪ್ರೋಗ್ರಾಂ ಒಳಗೆ ಒಂದು ಕೆಲಸ ಹಿಡಿದು ಮಾಡುವ ಆಳು) ಉಳಿದುಬಿಡುತ್ತದೆ. ಇಂಥ ಕೆಲಸವನ್ನು ಕಂಪ್ಯೂಟರ್‌ನವರು ‘ಅನಾಥ’ ಎಂದೇ ಕರೆಯುತ್ತಾರೆ.

ದಾಲ್ ಮಿಲ್‌ಗಳಿಗಾಗಿ ನಾವು ಬರೆದ ಬಿಲ್ಲಿಂಗ್ ಸರ್ವರ್ ತೊಗರಿ ಸುಗ್ಗಿಯಲ್ಲಿ ಸಂಜೆಯಾದರೆ ಸಾಕು, ಮುಷ್ಕರ ಹೂಡುತ್ತಿತ್ತು. ಒಂದು ಸಂಪರ್ಕಕ್ಕೆ ಒಂದು ಥ್ರೆಡ್, ಒಟ್ಟು 200. ಹಳೇ ಪದ್ಧತಿ, ತಪ್ಪು ನಮ್ಮದೇ. ಥ್ರೆಡ್ ಡಂಪ್, ಅಂದರೆ ಯಾವ ಥ್ರೆಡ್ ಎಲ್ಲಿದೆ ಎಂಬ ಪಟ್ಟಿ, ತೆಗೆದು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಪ್ರೋಗ್ರಾಂನ ಒಂದೇ ಸಾಲಿನಲ್ಲಿ ನಿಂತಿವೆ: ಸಾಕೆಟ್ ರೀಡ್, ಅಂದರೆ ಆ ಕಡೆಯಿಂದ ಮಾತು ಬರಲೆಂದು ಕಾಯುವುದು. ಸಿಪಿಯು ಮಾತ್ರ ತಣ್ಣಗೆ.

ಮಿಲ್‌ನಲ್ಲಿ ಕರೆಂಟ್ ಹೋದರೆ ಅಲ್ಲಿನ ಕಂಪ್ಯೂಟರ್ ‘ಬರ್ತೀನ್ರಿ’ ಎಂದು ಹೇಳಿ ಹೋಗುವುದಿಲ್ಲ. ಎರಡು ಕಂಪ್ಯೂಟರ್‌ಗಳ ನಡುವೆ ಸಂಪರ್ಕ ನಡೆಸುವ ಟಿಸಿಪಿ ಎಂಬ ನಿಯಮಾವಳಿಗೆ ಮೌನವೆಂದರೆ ಸಾವಲ್ಲ, ಬರೀ ಮೌನ. ಸರ್ವರ್ ಓಡಿಸುವ ಲಿನಕ್ಸ್‌ನಲ್ಲಿ ‘ಇನ್ನೂ ಇದ್ದೀರಾ?’ ಎಂದು ಕೇಳುವ ‘ಕೀಪ್‌ಅಲೈವ್’ ಎಂಬ ವಿಚಾರಣೆ ಇದೆ, ಆದರೆ ಪ್ರೋಗ್ರಾಂ ಅದನ್ನು ಕೇಳಿಕೊಳ್ಳಬೇಕು. ಕೇಳಿಕೊಂಡರೂ ಮೂಲ ಸೆಟ್ಟಿಂಗ್‌ನಲ್ಲಿ ಮೊದಲ ವಿಚಾರಣೆ ನಡೆಯುವುದು 7200 ಸೆಕೆಂಡು ಕಳೆದ ಮೇಲೆ. ಆಮೇಲೆ 75 ಸೆಕೆಂಡಿಗೊಮ್ಮೆ, ಮೊದಲನೆಯದೂ ಸೇರಿ 9 ಸಲ. ಅಂದರೆ ಆ ಕಡೆ ಯಾರೂ ಇಲ್ಲವೆಂದು ತಿಳಿಯಲು 2 ಗಂಟೆ 11 ನಿಮಿಷ! ಅಷ್ಟರಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೋ.

ಹಾಗಾದರೆ ಥ್ರೆಡ್ಡನ್ನು ಕೊಂದುಬಿಡೋಣವೇ? ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಾಗೆ ಕೊಲ್ಲುವ ‘ಸ್ಟಾಪ್’ ಆಜ್ಞೆ ಇತ್ತು. 1998ರ 1.2 ಆವೃತ್ತಿಯಲ್ಲೇ ಅದನ್ನು ಬಳಸಬೇಡಿ ಎಂದರು. ಸ್ಟಾಕ್‌ನಿಂದ ಚೀಲ ಕಳೆದಾಗಿದೆ, ಬಿಲ್ಲಿಗೆ ಇನ್ನೂ ಏರಿಲ್ಲ ಅನ್ನುವ ಗಳಿಗೆಯಲ್ಲಿ ಥ್ರೆಡ್ ಸತ್ತರೆ ಬೇರೆ ಥ್ರೆಡ್‌ಗಳು ಲೆಕ್ಕ ಮುಟ್ಟದಂತೆ ಅದು ಹಿಡಿದಿದ್ದ ಬೀಗಗಳೆಲ್ಲ ತೆರೆದುಕೊಂಡು, ಅರೆಬರೆ ಲೆಕ್ಕ ಎಲ್ಲರ ಕೈಗೆ ಸಿಗುತ್ತದೆ. ‘ಸಾಕು, ನಿಲ್ಲಿಸು’ ಎಂದು ಸೂಚನೆ ಕೊಟ್ಟು, ಕೈಲಿದ್ದ ಕೆಲಸವನ್ನು ಒಂದು ಹದಕ್ಕೆ ತಂದು ತಾನಾಗಿ ಏಳಲು ಬಿಡುವುದೇ ಮೇಲು.

1981ರಲ್ಲೇ ಕಂಪ್ಯೂಟರ್ ವಿಜ್ಞಾನಿ ಬ್ರೂಸ್ ನೆಲ್ಸನ್ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ಈ ಅನಾಥರಿಗೆ ಬಗೆಬಗೆಯ ಮದ್ದು ಚರ್ಚಿಸಿದ್ದರು. ನನಗೆ ಒಪ್ಪಿಗೆಯಾದದ್ದು ಅವಧಿ ಮುಗಿಸುವ ಉಪಾಯ: ಕೆಲಸ ಒಪ್ಪಿಸುವಾಗಲೇ ಗಡುವನ್ನೂ ಕಟ್ಟಿ ಕಳಿಸುವುದು. ಸರ್ವರ್‌ಗಳು ಸರಪಳಿಯಲ್ಲಿ ನಿಂತಾಗ ಇದರ ಬೆಲೆ ತಿಳಿಯುತ್ತದೆ. 2 ಸೆಕೆಂಡು ಗಡುವಿನಲ್ಲಿ ಮೊದಲನೆಯದು ಒಂದೂವರೆ ತಿಂದರೆ ಮುಂದಿನದಕ್ಕೆ ಸಿಗುವುದು ಅರ್ಧ. ಅದೂ ಮುಗಿದರೆ ಯಾರನ್ನೂ ಕೇಳದೆ ಕೈ ತೊಳೆದುಕೊಳ್ಳಬಹುದು.

ನಾವು ಸಾಕೆಟ್ ಓದಿಗೆ 30 ಸೆಕೆಂಡು ಮಿತಿ ಹಾಕಿದೆವು. ಮರುದಿನವೇ ಮಿಲ್‌ನಿಂದ ಫೋನು: “ಚಾ ಕುಡದು ಬರೋದ್ರಾಗ ಕನೆಕ್ಷನ್ ಕಟ್ ಆಗ್ಯಾದ್ರಿ!” ಮಿತಿಯನ್ನು 5 ನಿಮಿಷಕ್ಕೆ ಏರಿಸಿ, ನಿಮಿಷಕ್ಕೊಮ್ಮೆ ‘ಇದ್ದೀನ್ರಿ’ ಅನ್ನುವ ಪುಟ್ಟ ಸಂದೇಶ ಕಳಿಸುವುದನ್ನು ಮಿಲ್‌ನ ಕಂಪ್ಯೂಟರಿಗೆ ಕಲಿಸಿದೆವು.